ಕೂರಲು ಜಾಗ ಕೊಡದ ‘ಫ್ಯಾಮಿಲಿ ಫ್ರೆಂಡ್ಲಿ’

ನಿನ್ನೆ ಬೆಳಗಿನ ಜಾವ ಕಾರವಾರದಲ್ಲಿ ಬಸ್ಸಿನಿಂದ ಇಳಿದ ಆಯಿ, ಅಂದರೆ ನನ್ನ ಅಮ್ಮ, ಮಾಡಿದ ಮೊದಲ ಕೆಲಸವೆಂದರೆ ನಿಲ್ದಾಣದ ಬೆಂಚಿನ ಮೇಲೆ ಕಾಲು ಚಾಚಿ ಕುಳಿತದ್ದು. ರಾತ್ರಿಯಿಡೀ ಕುಳಿತೇ ಬಂದವಳು ಮತ್ತೇಕೆ ಕೂರುತ್ತಾಳೆ ಎಂದು ನನ್ನ ಮಗಳು ಕೇಳಿದಳು. ಬೆಂಗಳೂರಿನಲ್ಲಿ ನಾಲ್ಕು ದಿನ ನಿಂತದ್ದರ ಬಾಕಿಯನ್ನು ವಸೂಲು ಮಾಡುತ್ತಿದ್ದಾಳೆ ಎಂದೆ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾ, ‘ಫ್ಯಾಮಿಲಿ ಫ್ರೆಂಡ್ಲಿ’ ಜಾಗಗಳನ್ನೆಲ್ಲ ತೋರಿಸುತ್ತೇನೆ ಎಂದು ತಮ್ಮ ಎರಡು ವರ್ಷಗಳಿಂದ ಕರೆಯುತ್ತಿದ್ದ. ಅವನ ಪಟ್ಟಿಯಲ್ಲಿದ್ದ ಮೊದಲ ಎರಡು ದಿನಗಳ ಜಾಗಗಳೂ ಮಾಲ್‌ಗಳೇ. ಮಕ್ಕಳ ಕೈಗೆ ಪಟ್ಟಿ ಕಟ್ಟಿ, ಗಂಟೆಗೆ ಇಷ್ಟು ಎಂದು ಲೆಕ್ಕ ಹಿಡಿದು, ಕಾಲುಚೀಲವನ್ನು ಅಲ್ಲಿಯೇ ಕೊಳ್ಳಬೇಕೆಂದು ಹೇಳಿ ಆಟದ ಜಾಗದೊಳಗೆ ಬಿಟ್ಟರು. ಮಕ್ಕಳು ಕುಣಿದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕುಟುಂಬದ ಉಳಿದವರು ಗಾಜಿನ ಹೊರಗೆ ಚಪ್ಪಲಿ ಕಾಯುವವರಂತೆ ನಿಂತೆವು. ‘ಇಲ್ಲಿ ಕುತ್ಗಂಬಲೆ ಜಾಗನೇ ಇಲ್ಯನಾ ತಮಾ?’ ಎಂದು ಆಯಿ ಮೂರು ಸಲ ಕೇಳಿದಳು. ಇತ್ತು. ಕಾಫಿ ಕೊಂಡವರಿಗೆ ಕುರ್ಚಿ ಇತ್ತು. ಕಾಫಿ ಬೇಡವಾದವರಿಗೆ ಮೈ ಒತ್ತುವ ಯಂತ್ರದ ಕುರ್ಚಿ ಇತ್ತು, ಹಣ ಕೊಡದೆ ಕೂರಬಾರದೆಂಬ ಫಲಕದ ಸಮೇತ. ಹಣ ಕೊಟ್ಟು ಕೂರಿಸಿದೆ. ಕುರ್ಚಿ ಬೆನ್ನಿಗೆ ಗುದ್ದಲು ಆರಂಭಿಸಿದಾಗ ಎಪ್ಪತ್ತೆರಡರ ಆಯಿ ಹಾಕಿದ ಕೂಗಿಗೆ ಮೂರನೆಯ ಮಹಡಿಯವರೂ ಬಗ್ಗಿ ನೋಡಿದರು.

ಮಾಲ್‌ನಲ್ಲಿ ಶೌಚಾಲಯ ಸ್ವಚ್ಛವಾಗಿರುತ್ತದೆ, ಮಳೆ ಬಂದರೆ ಚಿಂತೆಯಿಲ್ಲ, ಒಂದೇ ಸೂರಿನಡಿ ಎಲ್ಲವೂ ಸಿಗುತ್ತದೆ ಎಂದು ತಮ್ಮ ವಾದಿಸಿದ. ಶೌಚಾಲಯದ ಮಾತನ್ನು ಒಪ್ಪಿದೆ. ಆದರೆ 500 ಕಿಲೋಮೀಟರ್ ದೂರದಿಂದ ನಾವು ಬಂದದ್ದು ಶೌಚಾಲಯ ನೋಡಲಿಕ್ಕಲ್ಲ. ಮಳೆಯನ್ನಂತೂ ಉತ್ತರ ಕನ್ನಡದವರಿಗೆ ತೋರಿಸಿ ಹೆದರಿಸುವ ಅಗತ್ಯವೇ ಇಲ್ಲ.

ಸಿಟ್ಟು ಬರುವುದು ಆ ಊರಿನಲ್ಲಿ ಬೇರೇನೂ ಇಲ್ಲವೆಂದಲ್ಲ, ಇದ್ದದ್ದನ್ನು ಬಿಟ್ಟು ಇಲ್ಲಿಗೆ ಕರೆತಂದರಲ್ಲ ಎಂದು. ಮೂರನೆಯ ದಿನ ಹಟ ಹಿಡಿದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯಕ್ಕೆ ಹೋದೆವು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಎದುರು ಮಗ ಅರ್ಧ ಗಂಟೆ ಕದಲಲಿಲ್ಲ. ರೆಕ್ಕೆಗೆ ಬಟ್ಟೆ ಹೊದಿಸಿ ಹಾರಿದ್ದರೆಂಬುದನ್ನು ನಂಬಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು. ಅಲ್ಲಿಂದ ಹೊರಬಂದು ಪಕ್ಕದ ಕಬ್ಬನ್ ಪಾರ್ಕಿನ ಮರದ ಕೆಳಗಿನ ಬೆಂಚಿನಲ್ಲಿ ಆಯಿ ಕುಳಿತಳು. ಯಾರೂ ಬಿಲ್ ಕೇಳಲಿಲ್ಲ. ಸಂಜೆ ನೆಹರೂ ತಾರಾಲಯಕ್ಕೆ ಹೋದೆವು. 1989ರಲ್ಲಿ ಆರಂಭವಾದ ಆ ಗುಮ್ಮಟದೊಳಗೆ ಒರಗಿ ಕುಳಿತು ತಲೆಯೆತ್ತಿ ನೋಡುವುದೇ ಕೆಲಸ, ಪ್ರದರ್ಶನ ಕನ್ನಡದಲ್ಲಿಯೂ ಇರುತ್ತದೆ. ನಕ್ಷತ್ರಗಳು ಮೂಡುತ್ತಿದ್ದಂತೆಯೇ ಆಯಿ ಸಪ್ತರ್ಷಿ ಮಂಡಲವನ್ನು ಮೊಮ್ಮಗಳಿಗೆ ತೋರಿಸತೊಡಗಿದಳು; ಮುಂದಿನ ಸಾಲಿನವರು ಹಿಂತಿರುಗಿ ದಿಟ್ಟಿಸಿದರು. ಸಿರ್ಸಿಯ ಅಂಗಳದಲ್ಲಿ ಎಪ್ಪತ್ತು ವರ್ಷ ನೋಡಿದ ಆಕಾಶದ ಬಗ್ಗೆ ಬಾಯಿ ಮುಚ್ಚಿಕೊಂಡಿರು ಎಂದು ಆಕೆಗೆ ಹೇಳುವ ಧೈರ್ಯ ನನಗಿಲ್ಲ.

ಸಿರ್ಸಿ ಎಂದಾಗ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಬಿಡ್ಕಿಬೈಲಿನ ನೂಕುನುಗ್ಗಲಿನ ನಡುವೆಯೂ ಸುಸ್ತಾದ ಮುದುಕಿ ಯಾವುದೋ ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ ಅಂಗಡಿಯವನು ನೀರು ಕೊಡುತ್ತಾನೆಯೇ ಹೊರತು, ಏನು ಬೇಕು ಎಂದು ಕೇಳುವುದಿಲ್ಲ. ತೊಟ್ಟಿಲು ಅಲ್ಲಿಯೂ ತಿರುಗುತ್ತದೆ, ಅದಕ್ಕೂ ದುಡ್ಡು ಕೊಡುತ್ತೇವೆ. ಕಟ್ಟೆಗೆ ಮಾತ್ರ ಯಾರೂ ಟಿಕೆಟ್ ಇಟ್ಟಿಲ್ಲ.

ನಾನೇನು ದೊಡ್ಡ ಸಂಭಾವಿತನಲ್ಲ. ಎರಡನೆಯ ದಿನದ ಮಾಲ್‌ನಲ್ಲಿ ಆಯಿ ಮತ್ತೆ ಜಾಗ ಕೇಳಿದಾಗ, ‘ಹತ್ತು ನಿಮಿಷ ನಿಂತುಕೊಳ್ಳಲಿಕ್ಕೂ ಆಗುವುದಿಲ್ಲವೇ?’ ಎಂದು ಎಲ್ಲರೆದುರು ಸಿಡುಕಿದೆ. ಆಕೆ ಆಮೇಲೆ ಕೇಳಲೇ ಇಲ್ಲ, ಗೋಡೆಗೆ ಒರಗಿ ನಿಂತಳು. ಈ ಬರಹದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದು ಎಂದು ಬಲ್ಲವರು ಆಗಲೇ ಊಹಿಸಿರುತ್ತಾರೆ.

ಕೊನೆಯ ದಿನ ಲಾಲ್‌ಬಾಗ್. ಮಕ್ಕಳಿಗೆ 1889ರ ಗಾಜಿನ ಮನೆಯನ್ನು ತೋರಿಸಿ, ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ನಿಧಾನವಾಗಿ ಹತ್ತಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅಲ್ಲಿ ಫಲಕವಿದೆ. ಆಯಿ ಫಲಕ ಓದಲಿಲ್ಲ. ಅಂಗೈಯಿಂದ ಬಂಡೆಯನ್ನು ಮುಟ್ಟಿ, ಬಿಸಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಸರಿಪಡಿಸಿಕೊಂಡು ಕುಳಿತಳು. ಮಕ್ಕಳು ಸುತ್ತಲೂ ಓಡಿದರು, ಜಾರಿದರು, ಮೊಣಕಾಲು ತರಚಿಕೊಂಡರು. ತಮ್ಮನೂ ಮೊಬೈಲ್ ಜೇಬಿಗಿಟ್ಟು ಆಯಿಯ ಪಕ್ಕ ಕುಳಿತ. ತಿಂಡಿ ಒಳಗೆ ಒಯ್ಯಬಾರದೆಂದು ಬಾಗಿಲಲ್ಲಿ ಹೇಳಿದ್ದರೂ ಆಯಿಯ ಕೈಚೀಲದಿಂದ ತೊಡದೇವು ಎಂಬ ನಮ್ಮೂರ ಸಿಹಿತಿಂಡಿಯ ಡಬ್ಬಿ ಹೊರಬಂತು. ನಿಯಮ ಮುರಿದದ್ದು ತಪ್ಪೇ. ಚೂರೊಂದೂ ಕೆಳಗೆ ಬೀಳದಂತೆ ತಿಂದೆವು.

ಈಗಷ್ಟೇ ತಮ್ಮನ ಸಂದೇಶ ಬಂದಿದೆ. ಮುಂದಿನ ರಜೆಗೆ ಹೊಸದೊಂದು ಮಾಲ್ ತೆರೆಯುತ್ತದೆಯಂತೆ, ಒಳಗೆ ಹಿಮ ಬೀಳಿಸುತ್ತಾರಂತೆ. ಬೆಂಚು ಎಷ್ಟಿವೆ ಎಂದು ಕೇಳಿದ್ದೇನೆ. ಎರಡು ನೀಲಿ ಗೆರೆ ಕಾಣಿಸುತ್ತಿವೆ, ಉತ್ತರ ಇನ್ನೂ ಬಂದಿಲ್ಲ.