ಮೈಸೂರಿನ ಹಿರಿಯರಿಗೆ ಆಸರೆಯ ಯೋಗ ಬೇಕು

ಪುಣೆಯಲ್ಲಿ ನೆಲೆಸಿರುವ ಮೈಸೂರಿನವನಾದ ನಾನು ಎರಡೂ ಊರುಗಳ ಹಿರಿಯರು ಯೋಗ ಮಾಡುವ ಬಗೆಯನ್ನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಇಲ್ಲಿ ಹಿರಿಯರು ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ನಿಧಾನವಾಗಿ ಆಸನ ಮಾಡುತ್ತಾರೆ. ನಮ್ಮ ಮೈಸೂರಿನ ಉದ್ಯಾನಗಳಲ್ಲಿ ಎಪ್ಪತ್ತು ದಾಟಿದವರೂ ಇಪ್ಪತ್ತರ ಹುಡುಗರ ವೇಗಕ್ಕೆ ಸೂರ್ಯನಮಸ್ಕಾರ ಹಾಕಲು ಹೆಣಗುವುದನ್ನು ನೋಡುತ್ತೇನೆ. ಊರಿನ ಬಗ್ಗೆ ನನಗಿರುವ ಅಭಿಮಾನದಿಂದಲೇ ಈ ಮಾತು ಹೇಳುತ್ತಿದ್ದೇನೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ, ಪುಣೆಯ ಆ ಪದ್ಧತಿಯ ಬೇರು ಮೈಸೂರಿನಲ್ಲಿಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯ ಶಿಷ್ಯರಲ್ಲಿ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೇ ಉಳಿದು, ಉಸಿರಿನ ಲಯಕ್ಕೆ ಆಸನದಿಂದ ಆಸನಕ್ಕೆ ಸಾಗುವ, ಕಸುವು ಬೇಡುವ ಅಷ್ಟಾಂಗ ವಿನ್ಯಾಸವನ್ನು ಬೆಳೆಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದುದ್ದಕ್ಕೂ ಕಾಯಿಲೆಗಳಲ್ಲಿ ನರಳಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಅದೇ ಗುರುವಿನ ಅಪ್ಪಣೆಯಂತೆ 1937ರಲ್ಲಿ ಪುಣೆಗೆ ಬಂದು, ಮುಂದೆ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿ, ದಿಂಬುಗಳ ಆಸರೆಯಿಂದ ರೋಗಿಗಳೂ ವೃದ್ಧರೂ ಆಸನದಲ್ಲಿ ನೆಲೆನಿಲ್ಲುವಂತೆ ಮಾಡಿದರು. ಮೈಸೂರಿನ ಗೋಕುಲಂ ಬಡಾವಣೆಗೆ ಜಗತ್ತಿನ ಮೂಲೆ ಮೂಲೆಗಳಿಂದ ಜನ ಬರುವುದು ಮೊದಲಿನ ಕವಲಿಗಾಗಿ. ಎರಡನೆಯ ಕವಲು ಹಿರಿಯರಿಗೆ ಒದಗುವಂಥದ್ದು, ಅದು ತನ್ನ ಹುಟ್ಟೂರಿನ ಹಿರಿಯರಿಗೆ ಸಾಕಷ್ಟು ತಲುಪಿಲ್ಲ ಎಂಬುದು ನನ್ನ ಅನಿಸಿಕೆ.

ಆಸರೆ ಎಂದರೆ ಸೋಮಾರಿತನವಲ್ಲ. ಗೋಡೆಗೆ ಕಾಲು ಚಾಚಿ, ಸೊಂಟದ ಕೆಳಗೆ ಮಡಿಸಿದ ಕಂಬಳಿ ಇಟ್ಟು ವಿಪರೀತಕರಣಿಯಲ್ಲಿ ಮಲಗಿದಾಗ ಸ್ನಾಯುಗಳು ದೇಹವನ್ನು ಎತ್ತಿ ಹಿಡಿಯುವ ಕೆಲಸದಿಂದ ಬಿಡುಗಡೆ ಪಡೆಯುತ್ತವೆ. ಉಸಿರನ್ನು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ದೀರ್ಘವಾಗಿಸಿದಾಗ ಹೃದಯದ ಬಡಿತ ನಿಧಾನಗೊಳ್ಳುತ್ತದೆ, ಮನಸ್ಸಿನ ಒತ್ತಡವೂ ಇಳಿಯುತ್ತದೆ. ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸವು ವಯಸ್ಸಾದವರಲ್ಲಿ ಕುಗ್ಗುವ ಸಮತೋಲನವನ್ನು ಉಳಿಸಿಕೊಳ್ಳಲು ನೆರವಾಗುತ್ತದೆ, ಮತ್ತು ಮುಪ್ಪಿನಲ್ಲಿ ಒಂದು ಬೀಳುವಿಕೆ ಸೊಂಟದ ಮೂಳೆ ಮುರಿದು ಬದುಕನ್ನೇ ಬದಲಿಸಬಲ್ಲುದು ಎಂಬುದನ್ನು ನೆನೆದರೆ ಈ ಚಿಕ್ಕ ಅಭ್ಯಾಸದ ಬೆಲೆ ತಿಳಿಯುತ್ತದೆ. ಇದಾವುದೂ ವೈದ್ಯರು ಕೊಟ್ಟ ಮಾತ್ರೆಗೆ ಬದಲಿಯಲ್ಲ. ಗ್ಲುಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ತಲೆ ಕೆಳಗಾಗಿಸುವ ಆಸನಗಳನ್ನೂ, ಮೂಳೆ ಸವೆದವರು ಬೆನ್ನನ್ನು ಬಲವಾಗಿ ಮುಂದಕ್ಕೆ ಬಗ್ಗಿಸುವುದನ್ನೂ, ರಕ್ತದೊತ್ತಡ ಹೆಚ್ಚಿರುವವರು ಉಸಿರು ಬಿಗಿಹಿಡಿಯುವುದನ್ನೂ ಬಿಡಲೇಬೇಕು. ಎಲ್ಲರಿಗೂ ಒಂದೇ ಎಣಿಕೆಯಲ್ಲಿ ಕೂಗಿ ಹೇಳಿಸುವ ಗುಂಪಿನಲ್ಲಿ ಈ ವ್ಯತ್ಯಾಸವನ್ನು ಯಾರು ನೋಡುತ್ತಾರೆ?

ಮಂಡ್ಯದ ಕಡೆಯ ಹಳ್ಳಿಗಳಲ್ಲಿ ವಿಷಯ ಇನ್ನೂ ಬೇರೆ. ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಕಬ್ಬು ಕಡಿದು ದಿನವಿಡೀ ಬಗ್ಗಿದ ಹೆಂಗಸಿಗೆ ಮತ್ತೆ ಬಗ್ಗುವ ಆಸನ ಹೇಳಿಕೊಡುವುದು ಅನ್ಯಾಯವೇ ಸರಿ. ಅವಳಿಗೆ ಬೇಕಾದದ್ದು ಸುರುಳಿ ಸುತ್ತಿದ ಜಮಖಾನವನ್ನು ಬೆನ್ನಿನ ಕೆಳಗೆ ಉದ್ದಕ್ಕೆ ಇಟ್ಟು ಎದೆ ಅರಳುವಂತೆ ಮಲಗುವುದು. ಜಮಖಾನ, ದಿಂಬು, ಕಂಬಳಿ ಎಲ್ಲವೂ ಮನೆಯಲ್ಲಿಯೇ ಇವೆ, ಪಟ್ಟಿಯ ಬದಲು ಹಳೆಯ ಪಂಚೆ ಸಾಕು.

ಪುಣೆಯದೆಲ್ಲ ಮೇಲು ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಜಾವ ಮರಗಳ ನಡುವೆ ಬಡವ ಬಲ್ಲಿದ ಎನ್ನದೆ ಚಾಪೆ ಹಾಸಿ, ಹಣ ಕೊಡದೆ ಕಲಿಯುವ ಮೈಸೂರಿನ ಸೌಕರ್ಯ ನನಗೆ ಇಲ್ಲಿ ಸಿಕ್ಕಿಲ್ಲ. ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜು ಇದೆ. ಅಲ್ಲಿ ಕಲಿತವರು ಉದ್ಯಾನಗಳ ಗುಂಪಿನ ಮುಂದಾಳುಗಳಿಗೆ ಹಿರಿಯರ ಅಭ್ಯಾಸವನ್ನು ಹೇಳಿಕೊಡುವಂತಾಗಬೇಕು. ಅರವತ್ತು ದಾಟಿದವರಿಗೆ ಪ್ರತ್ಯೇಕ ಸಾಲು, ಆ ಸಾಲಿಗೆ ನಾಲ್ಕಾರು ಗಟ್ಟಿ ಕುರ್ಚಿಗಳು, ಮತ್ತು ಆಫೀಸಿಗೆ ಹೊರಡುವವರ ಅವಸರಕ್ಕೆ ಮೊಟಕಾಗದ ಹತ್ತು ನಿಮಿಷದ ಶವಾಸನ, ಇಷ್ಟನ್ನು ಮುಂದಿನ ವಾರದಿಂದಲೇ ಆರಂಭಿಸಬಹುದು.