ಫೈಲು ನಡೆಯಲು ಕಲಿಯಿತು

ಮಂಗಳೂರಿನ ಮಳೆಗೆ ಜಗ್ಗದ ಪ್ರಾಣಿ ಒಂದೇ, ಬೆಳವಣಿಗೆ ನಿಧಾನವಾದ ಮಕ್ಕಳ ಥೆರಪಿ ಕೇಂದ್ರದ ಕೇಸ್ ಫೈಲು. ಜುಲೈಯಲ್ಲಿ ರೆಡ್ ಅಲರ್ಟ್ ಬರುತ್ತದೆ. ಡಿಸಿ ರಾತ್ರಿಯೇ ರಜೆ ಸಾರುತ್ತಾರೆ. ಪಂಪ್‌ವೆಲ್‌ನಲ್ಲಿ ನೀರು ನಿಲ್ಲುತ್ತದೆ, ಅಂಗನವಾಡಿಗೆ ಬೀಗ ಬೀಳುತ್ತದೆ. ತಾಯಿ, ಮಗು ಮನೆಯಲ್ಲಿ ಹಲಸಿನ ಹಪ್ಪಳ ತಿನ್ನುತ್ತಾ ಕೂತಿರುತ್ತಾರೆ. ಆದರೆ ಫೈಲು ತೆರೆದು ನೋಡಿ, ಅದೇ ತಾರೀಕಿಗೆ ಥೆರಪಿ ನಡೆದಿದೆ! "ಮಗು ಚೆನ್ನಾಗಿ ಸಹಕರಿಸಿತು. ತಾಯಿಗೆ ಕೌನ್ಸೆಲಿಂಗ್ ಮಾಡಲಾಯಿತು. ಮುಂದುವರಿಸುವುದು."

ಹಿಂದಿನ ವಾರದ ಪುಟದಲ್ಲೂ ಇದೇ ಮೂರು ಸಾಲು. ಅದರ ಹಿಂದಿನದ್ದರಲ್ಲೂ ಅಷ್ಟೇ. ನಡುವೆ ಎಲ್ಲೋ ಬೇರೆ ಮಗುವಿನ ಹೆಸರು ಇಣುಕುತ್ತದೆ. ಕಾಪಿ ಪೇಸ್ಟ್ ಮಾಡುವಾಗ ಅಳಿಸಲು ಮರೆತದ್ದು, ಪಾಪ.

ಯೋಜನೆಗೇನೂ ಕೊರತೆ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ನಿಧಾನ ಅಂತ ಕಂಡರೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಫಿಸಿಯೋ, ಸ್ಪೀಚ್, ಸೈಕಾಲಜಿ, ಹೀಗೆ ಮಗು ಹತ್ತಾರು ಕೈ ದಾಟುತ್ತದೆ. ಒಂದು ಕೈಗೆ ಗೊತ್ತಾದದ್ದು ಇನ್ನೊಂದು ಕೈಗೆ ತಿಳಿಯುವುದು ನೋಟ್ಸಿನಿಂದಲೇ ಅಲ್ವಾ? ಮೊದಲ ಮೂರು ವರ್ಷ ಮೆದುಳು ಭರದಿಂದ ಬೆಳೆಯುವ ಕಾಲ. "ಮುಂದುವರಿಸುವುದು" ಅಂತ ಬರೆದರೆ ಕಾಯುತ್ತಾ ಕೂರುವುದಿಲ್ಲ ಅದು.

ಅಷ್ಟರಲ್ಲಿ ಥೆರಪಿಸ್ಟ್‌ಗೆ ದುಬೈಯಲ್ಲಿ ಕೆಲಸ ಸಿಗುತ್ತದೆ. ನಮ್ಮ ಊರಲ್ಲಿ ಇದು ಮಾಮೂಲಿ, ಬೈಯುವ ಹಾಗೂ ಇಲ್ಲ. ಹೊಸಬರು ಬರುತ್ತಾರೆ, ದಪ್ಪ ಫೈಲು ತಿರುವುತ್ತಾರೆ. ಸಹಕರಿಸಿತು, ಸಹಕರಿಸಿತು, ಸಹಕರಿಸಿತು. ಯಾವುದಕ್ಕೆ ಸಹಕರಿಸಿತು ಅಂತ ಆ ಪುಟಗಳಿಗೂ ಗೊತ್ತಿಲ್ಲ. ಫೈಲು ಮುಚ್ಚಿ ತಾಯಿಯನ್ನು ಕೇಳುತ್ತಾರೆ: "ಹೆರಿಗೆ ನಾರ್ಮಲಾ? ಹುಟ್ಟಿದ ಕೂಡ್ಲೇ ಅತ್ತಿತ್ತಾ?"

ಈ ಪ್ರಶ್ನೆ ಮುಖ್ಯವೇ. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸರಿಯಾಗಿ ಸಿಕ್ಕಿತ್ತಾ ಅನ್ನುವುದಕ್ಕೆ ಅದೊಂದು ಸುಳಿವು. ಆದರೆ ಮಾರಾಯ್ರೆ, ಮಗು ಅತ್ತದ್ದು ಒಂದೇ ಸಲ. ಆ ಅಳುವಿನ ಬಗ್ಗೆ ತಾಯಿ ಕೊಟ್ಟ ಸಾಕ್ಷಿ ಕೋರ್ಟಿನ ಸಿವಿಲ್ ಕೇಸಿಗಿಂತ ಜಾಸ್ತಿ ಆಯಿತು.

ಇನ್ನು ಗುರಿ ಸಾಧನೆ ಅಂತ ಒಂದು ಕಾಲಂ. "ಮೆಟ್ಟಿಲು ಹತ್ತುವುದು: ಶೇ. 80." ಏನರ್ಥ? ಹತ್ತರಲ್ಲಿ ಎಂಟು ಮೆಟ್ಟಿಲು ಹತ್ತಿ ಮಗು ಅಲ್ಲೇ ನಿಂತಿದೆಯಾ? ಯಾರಾದರೂ ಇಳಿಸಿದರಾ? ಮನೆಯಲ್ಲಿ ಮಗು ಇನ್ನೂ ಗೋಡೆ ಹಿಡಿದೇ ನಿಲ್ಲುತ್ತಿದೆ. ನಡೆಯಲು ಕಲಿತದ್ದು ಫೈಲು ಮಾತ್ರ. ಮಾರ್ಚ್ ತಿಂಗಳ ವರದಿ ಹೊತ್ತಿಗೆ ಅದು ಓಡುತ್ತದೆ.

ಬರೆಯುವ ದಾರಿ ಯಾರಿಗೂ ಗೊತ್ತಿಲ್ಲ ಅಂತಲ್ಲ. 1960ರ ದಶಕದಲ್ಲೇ ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು ದಾರಿ ತೋರಿಸಿದ್ದಾರೆ. ಮನೆಯವರು ಹೇಳಿದ್ದೇನು, ನಾವು ಕಣ್ಣಾರೆ ಕಂಡದ್ದೇನು, ಅದರಿಂದ ನಮಗೆ ಅನ್ನಿಸಿದ್ದೇನು, ಮುಂದೆ ಮಾಡುವುದೇನು. ನಾಲ್ಕನ್ನೂ ಬೇರೆ ಬೇರೆ ಬರೆಯಬೇಕು. ನಾಲ್ಕರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸೇರಿಸಿ ಇದಕ್ಕೆ ಸೋಪ್ (SOAP) ನೋಟ್ಸ್ ಅಂತ ಹೆಸರು. ನಮ್ಮಲ್ಲಿ ಆ ಸೋಪು ಹಚ್ಚಿ ಕೈ ತೊಳೆದುಕೊಳ್ಳುವವರೇ ಜಾಸ್ತಿ.

ಮಲ್ಪೆ ಕಡೆಯ ಒಬ್ಬ ತಾಯಿ ಸುಮ್ನೆ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಒಂದು ದಿನದ್ದು ಹೀಗಿತ್ತು: "ಬೆಳಿಗ್ಗೆ ಗಂಜಿ. ಚಮಚ ಅವನೇ ಹಿಡಿದ. ನಾನು ಮೊಣಕೈಗೆ ಮಾತ್ರ ಆಸರೆ ಕೊಟ್ಟೆ. ಮೂರು ಸಲ ಬಾಯಿಗೆ ಹೋಯಿತು, ನಾಲ್ಕನೇದು ಅತ್ತೆಯ ಸೀರೆಗೆ. ಅತ್ತೆ ಬೈದರು, ಇವನು ನಕ್ಕ. ಎಡಗೈ ಮಡಚಿಯೇ ಇತ್ತು."

ಏನು ಮಾಡಿದ, ಎಷ್ಟು ಸಲ, ಎಷ್ಟು ಆಸರೆ ಬೇಕಾಯಿತು, ಎಲ್ಲಿ ತಪ್ಪಿತು, ಎಲ್ಲವೂ ಇದೆ. ಮುಂದಿನ ಥೆರಪಿಸ್ಟ್ ಎಡಗೈಯಿಂದಲೇ ಕೆಲಸ ಶುರು ಮಾಡಬಹುದು. ಆ ತಾಯಿ ಹೆಮ್ಮೆಯಿಂದ ನೋಟ್‌ಬುಕ್ಕನ್ನು ಕೇಂದ್ರಕ್ಕೆ ಕೊಂಡುಹೋದರು. ಅಲ್ಲಿ ಎರಡು ಪುಟ ತಿರುವಿ ನೋಡಿ ವಾಪಸ್ ಕೊಟ್ಟರು. ಅತ್ತೆಯ ಸೀರೆಗೆ ಫಾರ್ಮ್ಯಾಟಿನಲ್ಲಿ ಕಾಲಂ ಇಲ್ಲವಂತೆ. ನಗುವಿಗೂ ಇಲ್ಲ.

ಆಮೇಲೆ ರಿಜಿಸ್ಟರ್ ಮುಂದಿಟ್ಟು ಪೆನ್ನು ಕೊಟ್ಟರು.

"ಇಲ್ಲಿ ಸೈನ್ ಹಾಕಿ ಅಮ್ಮ. ಮುಂದಿನ ತಿಂಗಳದ್ದೂ ಹಾಕಿ ಬಿಡಿ, ಮಳೆಗೆ ನಿಮಗೆ ಬರ್ಲಿಕ್ಕೆ ಕಷ್ಟ ಆಗ್ತದೆ."