ಅಕ್ಕನ ಸ್ಕೂಟರಿಗೆ ಎರಡು ಚಕ್ರ ಜಾಸ್ತಿ

"ಓಡ್ಸೋದಲ್ಲ ಕಣೋ ಕಷ್ಟ, ನಿಲ್ಸೋದು."

ಎರಡು ವರ್ಷದ ಹಿಂದೆ ಅಕ್ಕ ಫೋನಿನಲ್ಲಿ ಹೇಳಿದ ಮಾತಿದು. ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಮಂಡಿ, ಪಾದದ ಕೀಲು, ಕೈಬೆರಳು ಯಾವುದನ್ನೂ ಬಿಟ್ಟಿಲ್ಲ. ಅಕ್ಕ ಹಾಸನದಿಂದ ಮೊಸಳೆ ಎಂಬ ಊರಿನ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಹದಿನೈದು ವರ್ಷ ಸ್ಕೂಟರಿನಲ್ಲೇ ಹೋಗಿ ಬಂದವಳು. ಗಾಡಿ ಓಡುತ್ತಿರುವಷ್ಟು ಹೊತ್ತು ಅವಳಿಗೆ ಏನೂ ತೊಂದರೆಯಿಲ್ಲ. ಎನ್.ಆರ್. ಸರ್ಕಲ್‌ನಲ್ಲಿ ಮುಂದಿನ ಬಸ್ಸು ನಿಂತು, ಇವಳೂ ಕಾಲೂರಬೇಕು ಅಂದಾಗ ನೂರು ಕಿಲೋ ಮೀರಿದ ಸ್ಕೂಟರ್ ಆ ಮಂಡಿಯ ಮೇಲೆ ವಾಲುತ್ತದೆ. ಹಾಗೆ ಎರಡು ಸಲ ಬಿದ್ದಳು. ಎರಡನೇ ಸಲ ಬಿದ್ದ ಮೇಲೆ ಸೈಡ್ ವೀಲ್ ಹಾಕಿಸುವ ಮಾತು ಬಂತು.

ನಾನು ಒಂಬತ್ತು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ. ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರಿಗೂ ಕೀಲುಗಳದ್ದೇ ತೊಂದರೆ. ಅಕ್ಕ ಬಿದ್ದ ವರ್ಷವೇ ಅವರಿಗೆ ಸ್ಕೂಟ್‌ಮೊಬೀಲ್ ಬಂತು. ಅದು ಕುರ್ಚಿಯಂತೆ ಕೂತು ಹೋಗುವ ಬ್ಯಾಟರಿ ಗಾಡಿ. ಮೂರು ಚಕ್ರದ್ದೂ ಇದೆ, ನಾಲ್ಕು ಚಕ್ರದ್ದೂ ಇದೆ. ಎರಡು ಕಡೆಯದನ್ನೂ ಹತ್ತಿರದಿಂದ ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಗಾಡಿ ಕೊನೆಗೆ ಬರುತ್ತದೆ. ಮೊದಲು ಬರುವುದು ಮನುಷ್ಯರು. ಅಜ್ಜಿ ನಗರಸಭೆಗೆ ಅರ್ಜಿ ಹಾಕಿದರು, ಅಲ್ಲಿಂದ ಒಬ್ಬರು ಮನೆಗೇ ಬಂದರು. ಈ ಭೇಟಿಗೆ ಡಚ್ಚರು ಇಟ್ಟಿರುವ ಹೆಸರು ನನಗೆ ಬಹಳ ಇಷ್ಟ: 'ಅಡುಗೆಮನೆ ಮೇಜಿನ ಮಾತುಕತೆ'. ಎಲ್ಲಿಗೆ ಹೋಗಬೇಕು, ವಾರಕ್ಕೆ ಎಷ್ಟು ಸಲ, ಕೈ ಎಷ್ಟು ಮಡಚುತ್ತೆ, ಗಾಡಿ ಎಲ್ಲಿ ನಿಲ್ಲಿಸ್ತೀರಿ, ಚಾರ್ಜ್ ಎಲ್ಲಿ ಹಾಕ್ತೀರಿ ಎಂದೆಲ್ಲ ಕೇಳಿದರು. ಬಾಗಿಲಿನ ಅಗಲ ಅಳೆದರು. ಗಾಡಿ ಬಂದ ಮೇಲೆ ಅದನ್ನು ಓಡಿಸಲು ಕಲಿಸಿದರು. ಗಾಡಿ ನಗರಸಭೆಯ ಲೆಕ್ಕದಲ್ಲೇ ಇರುತ್ತದೆ. ಅಜ್ಜಿ ತಿಂಗಳಿಗೊಂದು ಸಣ್ಣ ಮೊತ್ತ ಕಟ್ಟುತ್ತಾರೆ. ಕೆಟ್ಟರೆ ರಿಪೇರಿಯವರೇ ಮನೆಗೆ ಬರುತ್ತಾರೆ. 2015ರಿಂದ ಜಾರಿಯಲ್ಲಿರುವ ಇಲ್ಲಿನ ಸಾಮಾಜಿಕ ನೆರವಿನ ಕಾಯ್ದೆ ಈ ಹೊಣೆಯನ್ನು ಊರಿನ ಆಡಳಿತದ ಮೇಲೇ ಹಾಕಿದೆ.

ಹಾಸನದಲ್ಲಿ ಅಕ್ಕ ಗ್ಯಾರೇಜಿಗೆ ಹೋದಳು. ಬೆಳಿಗ್ಗೆ ಬಿಟ್ಟ ಸ್ಕೂಟರಿಗೆ ಸಂಜೆಯ ಹೊತ್ತಿಗೆ ಎರಡೂ ಪಕ್ಕ ಚಕ್ರ ಬಂದಿತ್ತು.

ನಮ್ಮಲ್ಲಿ ಇದಕ್ಕೆ ತ್ರಿಚಕ್ರ ಅನ್ನುತ್ತಾರೆ. ಎಣಿಸಿದರೆ ಸಾಮಾನ್ಯವಾಗಿ ನಾಲ್ಕು ಇರುತ್ತವೆ. ಹಿಂದಿನ ಚಕ್ರ ಇದ್ದಲ್ಲೇ ಇರುತ್ತದೆ, ಅದರ ಎರಡು ಪಕ್ಕಕ್ಕೆ ಕಬ್ಬಿಣದ ಫ್ರೇಮು ಕೂರಿಸಿ ಇನ್ನೆರಡು ಚಕ್ರ ಕೊಡುತ್ತಾರೆ. ಎಂಜಿನ್ನಿನ ಶಕ್ತಿ ಹೋಗುವುದು ನಡುವಿನ ಚಕ್ರಕ್ಕೆ ಮಾತ್ರ. ಹಿಂದಿನ ಬ್ರೇಕೂ ಅದಕ್ಕೇ. ಇಲ್ಲೇ ಮೊದಲ ತಪ್ಪಾಗಿದ್ದು. ಆ ಗ್ಯಾರೇಜಿನವರು ಸೈಡ್ ವೀಲನ್ನು ಗಟ್ಟಿಯಾಗಿ ಬಿಗಿದುಬಿಟ್ಟಿದ್ದರು, ಅದಕ್ಕೆ ಸ್ಪ್ರಿಂಗೂ ಇರಲಿಲ್ಲ, ಶಾಕ್ ಅಬ್ಸಾರ್ಬರೂ ಇರಲಿಲ್ಲ. ಸ್ಕೂಲಿನ ಮುಂದಿನ ತಗ್ಗಿನಲ್ಲಿ ಪಕ್ಕದ ಎರಡು ಚಕ್ರ ದಿಣ್ಣೆಯ ಮೇಲೆ ಕೂತು, ನಡುವಿನದು ಗಾಳಿಯಲ್ಲಿ ತಿರುಗತೊಡಗಿತು. ಗಾಡಿ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಮಕ್ಕಳು ಬಂದು ತಳ್ಳಿದರು. ಅಲ್ಲೇನೋ ಗಾಡಿ ನಿಂತಲ್ಲೇ ನಿಂತಿತ್ತು. ಇಳಿಜಾರಿನಲ್ಲಿ ಹೀಗಾಗಿದ್ದರೆ ಹಿಂದಿನ ಬ್ರೇಕ್ ಹಿಡಿದರೂ ಪ್ರಯೋಜನ ಇರುತ್ತಿರಲಿಲ್ಲ. ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ನಾವು ಅದನ್ನು ಯೋಚಿಸಿ ಮಾಡುವುದಿಲ್ಲ, ಮೈಗೇ ಗೊತ್ತಿರುತ್ತದೆ. ಸೈಡ್ ವೀಲ್ ಬಂದ ಮೇಲೆ ಗಾಡಿ ವಾಲುವುದಿಲ್ಲ. ಹ್ಯಾಂಡಲ್ ತಿರುಗಿಸಿಯೇ ಹೋಗಬೇಕು. ವೇಗ ಇದ್ದರೆ ಗಾಡಿ ಹೊರಗಡೆಗೆ ಮಗುಚಲು ನೋಡುತ್ತದೆ, ಆಗ ಮೈಯನ್ನು ಒಳಗಡೆಗೆ ಹಾಕಬೇಕು. ಹದಿನೈದು ವರ್ಷದ ಅಭ್ಯಾಸವೇ ಅಕ್ಕನಿಗೆ ಶತ್ರುವಾಯಿತು. ಮೊದಲ ವಾರ ಒಂದು ತಿರುವಿನಲ್ಲಿ ಸೀದಾ ಚರಂಡಿ ಅಂಚಿಗೆ ಹೋಗಿ ನಿಂತಳು. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಎರಡು ಚಕ್ರದಲ್ಲಿ ಅದು ಗೊತ್ತೇ ಆಗುವುದಿಲ್ಲ. ಇದರಲ್ಲಿ ಗಾಡಿ ಎಡಕ್ಕೆ ಎಳೆಯುತ್ತಲೇ ಇರುತ್ತದೆ, ದಾರಿಯುದ್ದಕ್ಕೂ ಹ್ಯಾಂಡಲ್ ಬಿಗಿಯಾಗಿ ಹಿಡಿದಿರಬೇಕು. ಮಂಡಿ ನೋವಿಗೆಂದು ಮಾಡಿಸಿದ್ದು ಬೆರಳು ನೋವನ್ನು ಜಾಸ್ತಿ ಮಾಡಿತು. ಮೊದಲೇ ಯಾರಾದರೂ ಅವಳ ಕೈ ಹಿಡಿದು ನೋಡಿದ್ದರೆ ಇದು ತಿಳಿಯುತ್ತಿತ್ತು, ಅಲ್ವಾ?

ಅದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಕಡಿಮೆ ಇರುವುದು ದುಡ್ಡೂ ಅಲ್ಲ, ಕೈಚಳಕವೂ ಅಲ್ಲ. ಓಡಿಸುವವರ ಮೈಯನ್ನು ಕೇಳುವವರು ಇಲ್ಲ. ಗ್ಯಾರೇಜಿನವರು ಸ್ಕೂಟರ್ ನೋಡುತ್ತಾರೆ, ಡಾಕ್ಟರು ಮಂಡಿ ನೋಡುತ್ತಾರೆ, ಆರ್‌ಟಿಓದವರು ಕಾಗದ ನೋಡುತ್ತಾರೆ. ಮೂರನ್ನೂ ಒಟ್ಟಿಗೆ ನೋಡುವ ಜಾಗವೇ ಇಲ್ಲ.

ಹಾಗಂತ ಇಲ್ಲಿನದೇ ಸರಿ ಎಂದು ನಾನು ಹೇಳುವುದಿಲ್ಲ. ಅಜ್ಜಿಯ ಗಾಡಿ ಗಂಟೆಗೆ ಹದಿನೈದು ಕಿಲೋಮೀಟರಿನ ಆಚೀಚೆ ಹೋಗುತ್ತದೆ. ಅದರ ಬದುಕು ಹೆಚ್ಚಾಗಿ ಸೈಕಲ್ ದಾರಿಯಲ್ಲೇ. ಅರ್ಜಿ ಹಾಕಿ ಅಜ್ಜಿ ವಾರಗಟ್ಟಲೆ ಕಾದರು. ಆ ಗಾಡಿಯನ್ನು ಮೊಸಳೆ ರಸ್ತೆಗೆ ಬಿಟ್ಟರೆ ಅಕ್ಕ ಸ್ಕೂಲ್ ಸೇರುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡೂ ಮುಗಿದಿರುತ್ತದೆ. ಅವಳಿಗೆ ಬೇಕಾದದ್ದು ತನ್ನದೇ ಸ್ಕೂಟರ್, ತನ್ನದೇ ವೇಗ, ತನ್ನದೇ ಕೆಲಸ. ಅದನ್ನು ಕೊಟ್ಟಿದ್ದು ಹಾಸನದ ಕೈಗಳೇ. ಆಮೇಲೆ ಹಿಡಿದ ಎರಡನೇ ಮೆಕ್ಯಾನಿಕ್ ಅಣ್ಣ ಹಳೆಯ ಫ್ರೇಮು ಕಿತ್ತು, ಎರಡು ಕಡೆಗೂ ಬೇರೆ ಬೇರೆ ಶಾಕ್ ಅಬ್ಸಾರ್ಬರ್ ಇರುವ ಕಿಟ್ ಕೂರಿಸಿದ. "ಅಮ್ಮಾ, ಕೂತ್ಕೊಂಡು ತೋರ್ಸಿ" ಎಂದು ಅವಳನ್ನು ಗಾಡಿಯ ಮೇಲೆ ಕೂರಿಸಿಯೇ ಎತ್ತರ ಸರಿಮಾಡಿದ. ಬ್ರೇಕ್ ಲಿವರ್ ತೆಳ್ಳಗಿದ್ದರೆ ಬೆರಳಿಗೆ ಒತ್ತುತ್ತದೆ ಎಂದು ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟ. ಯಾವ ಕಾಲೇಜಿನಲ್ಲೂ ಅವನಿಗೆ ಇದನ್ನು ಹೇಳಿಕೊಟ್ಟಿಲ್ಲ.

ಅವಳ ಗಾಡಿ 2019ರ ಏಪ್ರಿಲ್ ಆದಮೇಲಿನದು. ಆಗ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಾಂಬಿ ಬ್ರೇಕ್, ಇಲ್ಲವೇ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಕಾಂಬಿ ಬ್ರೇಕ್ ಇದ್ದರೆ ಎಡಗೈ ಲಿವರ್ ಒಂದನ್ನೇ ಹಿಡಿದರೂ ಹಿಂದೆ ಮುಂದೆ ಎರಡೂ ಹಿಡಿಯುತ್ತವೆ. ಬೆರಳು ನೋವಿರುವವರು ಹಳೆ ಸ್ಕೂಟರಿಗೆ ದುಡ್ಡು ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ. ಸೈಡ್ ವೀಲಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ಭಾರ ಮಾತ್ರ ಹೆಚ್ಚಾಗಿರುತ್ತದೆ. ನಿಲ್ಲಲು ಜಾಸ್ತಿ ದೂರ ಬೇಕು.

ಕಾನೂನು ನಮ್ಮ ಪರವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಹೀಗೆ ಮಾರ್ಪಡಿಸಲು ದಾರಿ ಕೊಡುತ್ತದೆ. 2019ರ ತಿದ್ದುಪಡಿಯಲ್ಲಿ 'ಇನ್‌ವ್ಯಾಲಿಡ್ ಕ್ಯಾರೇಜ್', ಅಂದರೆ ಅಶಕ್ತರ ಗಾಡಿ, ಎಂಬ ಹಳೆಯ ಹೆಸರು ಹೋಗಿ 'ಅಡಾಪ್ಟೆಡ್ ವೆಹಿಕಲ್', ಅಂದರೆ ಹೊಂದಿಸಿಕೊಂಡ ಗಾಡಿ, ಎಂಬುದು ಬಂತು. ಒಳ್ಳೆಯದಾಯಿತು, ಆ ಹಳೆ ಹೆಸರು ಕಿವಿಗೇ ಚುಚ್ಚುತ್ತಿತ್ತು. ಲೈಸೆನ್ಸಿನಲ್ಲಿ ಇದು ಬೇರೆಯೇ ವರ್ಗ. ಆರ್‌ಸಿಯಲ್ಲಿ ಬದಲಾವಣೆ ಬರೆಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಅಕ್ಕ ಎಲ್ಲವನ್ನೂ ಮಾಡಿಸಿದಳು.

ತೊಡಕು ಇರುವುದು ಪರ್ಸೆಂಟಿನಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು, ಆದರೆ ಹೆಚ್ಚಿನ ಸವಲತ್ತಿಗೆ ಕನಿಷ್ಠ 40 ಪರ್ಸೆಂಟ್ ಅಂಗವೈಕಲ್ಯ ಇದೆ ಎಂಬ ಸರ್ಟಿಫಿಕೇಟ್ ಬೇಕು. ಅಕ್ಕನ ಕಾಯಿಲೆ ದಿನಕ್ಕೊಂದು ಥರ. ಬೆಳಿಗ್ಗೆ ಏಳಕ್ಕೆ ಲೋಟ ಹಿಡಿಯಲಾಗದವಳು ಹನ್ನೊಂದಕ್ಕೆ ಬೋರ್ಡಿನ ಮೇಲೆ ಬರೆಯುತ್ತಾಳೆ. ಯಾವ ಗಂಟೆಯ ಅಕ್ಕನನ್ನು ಅಳೆಯುತ್ತೀರಿ? ಐಂಡ್‌ಹೋವನ್‌ನ ಅಜ್ಜಿಗೆ ಯಾರೂ ಪರ್ಸೆಂಟ್ ಕೇಳಲಿಲ್ಲ. ಏನು ಮಾಡಲು ಆಗುತ್ತಿಲ್ಲ ಎಂದು ಕೇಳಿದರು, ಅಷ್ಟೇ.

ನಮ್ಮಲ್ಲೂ ಹೀಗೆ ಕೇಳಲು ಹೊಸ ಆಫೀಸು, ಹೊಸ ಕಟ್ಟಡ ಏನೂ ಬೇಡ. ತಿಂಗಳಿಗೊಂದು ಮಧ್ಯಾಹ್ನ ಸಾಕು. ಲೈಸೆನ್ಸ್ ಟೆಸ್ಟ್ ಮಾಡುವ ಮೈದಾನಕ್ಕೆ ಒಬ್ಬ ಫಿಸಿಯೋಥೆರಪಿಸ್ಟ್, ಕೆಲಸ ಗೊತ್ತಿರುವ ಇಬ್ಬರು ಮೆಕ್ಯಾನಿಕ್, ಒಬ್ಬ ಇನ್ಸ್‌ಪೆಕ್ಟರ್ ಬರಲಿ. ಕೈ ನೋಡಲಿ, ಕಾಲು ನೋಡಲಿ, ಮನೆ ಗೇಟಿನ ಅಗಲ ಕೇಳಲಿ. ನಮ್ಮ ಗೇಟಿನಲ್ಲಂತೂ ಗಾಡಿ ಹಿಡಿಸದೆ ಒಂದು ಕಂಬ ಒಡೆಸಬೇಕಾಯಿತು. ತಿರುಗಿಸುವುದನ್ನು, ಇಳಿಜಾರಿನಲ್ಲಿ ನಿಲ್ಲಿಸುವುದನ್ನು ಅಲ್ಲೇ ಕಲಿಸಲಿ.

ಹೋದ ವಾರ ಇದನ್ನು ಅಕ್ಕನಿಗೆ ಹೇಳಿದೆ. ಅವಳು ಒಂದು ಕ್ಷಣ ಸುಮ್ನಿದ್ದು, "ಶನಿವಾರ ಇಡೋಕೆ ಹೇಳೋ. ನಂಗೆ ಮಧ್ಯಾಹ್ನ ಬಿಡುವಿರುತ್ತೆ. ತಿರುವಲ್ಲಿ ಮೈ ಹೆಂಗೆ ಹಾಕ್ಬೇಕು ಅಂತ ನಾನೇ ಬಂದು ಹೇಳ್ಕೊಡ್ತೀನಿ" ಎಂದಳು.